ನಿನ್ನೆಯ ಎಣ್ಣೆ

ಮಿರ್ಚಿ ರಾಜಾಸಾಬನಿಗೆ ಮುಪ್ಪು ಬರುವ ಹೊತ್ತಿನಲ್ಲಿ ಮಾತಿನ ಚಟ ಹತ್ತಿದೆ ಎಂದು ಓಣಿಯೆಲ್ಲ ಆಡಿಕೊಳ್ಳತೊಡಗಿತ್ತು.

ಮೊದಲು ಹಾಗಿರಲಿಲ್ಲ ಆಸಾಮಿ. ಗಂಗಾವತಿ ಮಾರ್ಕೆಟ್ಟಿನ ಮೂಲೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಯ ಬಂಡಿ ನಡೆಸಿ, ಕೆಲಸ ಮುಗಿದೊಡನೆ ತಲೆ ತಗ್ಗಿಸಿಕೊಂಡು ಮನೆ ಸೇರುವವನು. ಹಿಂದಿನಿಂದ ಕೂಗಿ ಕರೆದರೂ ಕೈ ಎತ್ತಿ ಮುಂದೆ ಹೋಗುವವನು. ಈಗ ನೋಡಿದರೆ, ಸಂಜೆ ಬಂಡಿ ಮುಚ್ಚಿ ಹೊರಟವನು ಮೊದಲು ಹೊಳಿಯಪ್ಪನ ಮನೆಯ ಕಟ್ಟೆಯ ಮುಂದೆ ನಿಲ್ಲುತ್ತಾನೆ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಮಗಳು ಸಾಲಿಗೆ ಹೋದಳೋ ಇಲ್ಲವೋ, ಮುನಿರಾಬಾದಿನ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಎಲ್ಲ ವಿಚಾರಿಸುತ್ತಾನೆ. ಅಲ್ಲಿಂದ ಹೊರಟವನು ಕಿರಾಣಿ ಅಂಗಡಿಯ ಮುಂದೆ ಮತ್ತೆ ನಿಲ್ಲುತ್ತಾನೆ. ಅಲ್ಲಿಯೂ ಅದೇ ಎಮ್ಮೆ, ಅದೇ ಕಾಲುವೆ.

“ಬಾ ಮಾವ, ಬಾ. ನೀ ಬಂದು ನಾಕ ಮಾತ ಆಡಲಿಲ್ಲಂದ್ರ ನನಗ ಉಂಡದ್ದು ಮೈಗಿ ಹತ್ತಂಗಿಲ್ಲ ಈಗ,” ಎನ್ನುತ್ತಿದ್ದ ಹೊಳಿಯಪ್ಪ. ಅವನು ಸೆಂಟ್ರಿಂಗ್ ಕೆಲಸದವನು. ಮನೆಗಳಿಗೆ ಸ್ಲ್ಯಾಬ್ ಹಾಕುವಾಗ ಕೆಳಗೆ ಹಲಗೆ ಹೊಂದಿಸಿ ಕಟ್ಟುವುದು ಅವನ ಕಸುಬು. ರಾಜಾಸಾಬನ ಹೆಂಡತಿ ಶಾಹಜಾದಬಿಯನ್ನು ಅವನು ಚಿಕ್ಕಂದಿನಿಂದ ಅಕ್ಕಾ ಎನ್ನುತ್ತಾನೆ. ಅಕ್ಕನ ಗಂಡ ಈ ಕಡೆ ಮಾವ. ಅಷ್ಟರಿಂದ ರಾಜಾಸಾಬ ಮಾವನಾದ, ಹೊಳಿಯಪ್ಪ ಅಳಿಯನಾದ. ಈ ಓಣಿಯಲ್ಲಿ ನೆಂಟಸ್ತನಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಕೇಳುವವರು ಚುನಾವಣೆ ಹತ್ತಿರ ಬಂದಾಗ ಹೊರಗಿನಿಂದ ಬರುತ್ತಾರೆ.

ಗಂಡ ನಾಲ್ಕು ಮಂದಿಯೊಡನೆ ಬೆರೆಯುವುದನ್ನು ಕಂಡು ಶಾಹಜಾದಬಿಗೂ ಖುಷಿಯೇ ಆಗಿತ್ತು. ಆ ಖುಷಿ ಉಳಿದದ್ದು, ಹಸೀಬಾಳ ಮಗುವಿಗೆ ಹೆಸರಿಡುವ ದಿನದವರೆಗೆ.

ಹಸೀಬಾ ಶಾಹಜಾದಬಿಯ ತಂಗಿಯ ಮಗಳು. ಅವಳ ಮನೆ ಊರ ಆಚೆ ತುದಿಯಲ್ಲಿ. ಮಧ್ಯಾಹ್ನ ಗಂಡ-ಹೆಂಡತಿ ನಡೆದೇ ಹೊರಟಿದ್ದರು. ಬಿಸಿಲಿಗೆ ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ರಾಜಾಸಾಬ ಒಂದು ಗೋಡೆಯ ಮುಂದೆ ಗಕ್ಕನೆ ನಿಂತ. ಗೋಡೆಯ ಮೇಲೆ ಯಾವುದೋ ಟ್ಯೂಷನ್ನಿನ ಜಾಹೀರಾತು. ಇಂಗ್ಲಿಷ್, ಗಣಿತ, ಶೀಘ್ರ ಫಲಿತಾಂಶ. ರಾಜಾಸಾಬ ಅದನ್ನು ಮೇಲಿನಿಂದ ಕೆಳಗೆ ಓದಿದ. ಕೆಳಗಿನಿಂದ ಮೇಲೆ ಓದಿದ.

“ಏನ್ ಓದಾಕತ್ತೀರಿ?”

“ಸುಮ್ನ. ಇಂಗ್ಲಿಷ್ ಕಲಿಸ್ತಾರಂತ.”

“ಯಾರ್ ಕಲಿಯೋರು? ನೀವೋ, ನಿಮ್ಮ ಬಾಣಲಿನೋ?”

ಅವನು ನಕ್ಕ. ಆದರೆ ನಗುವಾಗ ಹಲ್ಲು ಕಚ್ಚಿದ್ದನ್ನು ಅವಳು ಕಂಡಳು. ಬಲಗಾಲನ್ನು ನೆಲಕ್ಕೆ ಊರಿಯೂ ಊರದ ಹಾಗೆ ಇಟ್ಟಿದ್ದ. ಶಾಹಜಾದಬಿ ಅಲ್ಲೇ, ನಡುದಾರಿಯಲ್ಲಿ, ಕುಕ್ಕರಗಾಲಲ್ಲಿ ಕುಳಿತು ಅವನ ಮೀನಖಂಡ ಮುಟ್ಟಿದಳು. ಕಲ್ಲಾಗಿತ್ತು. ಪಾದ ಮುಟ್ಟಿದಳು. ಅಂಥ ಬಿಸಿಲಲ್ಲೂ ತಣ್ಣಗಿತ್ತು.

ಹೊಳಿಯಪ್ಪನ ಕಟ್ಟೆ, ಕಿರಾಣಿ ಅಂಗಡಿ, ಎಮ್ಮೆ, ಕಾಲುವೆ ಎಲ್ಲ ಒಮ್ಮೆಲೇ ಅವಳಿಗೆ ತಿಳಿದುಹೋಯಿತು.

“ಎಷ್ಟ ದಿನದಿಂದ ಹಿಂಗ?”

“ಏಳು, ಮಂದಿ ನೋಡ್ತಾರ.”

“ಮಂದಿ ಎಲ್ಲಿ ಅದಾರ? ಇದ್ದಿದ್ರ ನೀವು ಗ್ವಾಡಿ ಓದ್ತಿದ್ದಿಲ್ಲ, ಅವರ ಜೋಡಿ ಎಮ್ಮಿ ಸುದ್ದಿ ಹೇಳ್ತಿದ್ರಿ!”

ಮಾತು ತಪ್ಪಿಸಲು ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ನಡೆದರೆ ಮೀನಖಂಡ ಹಿಂಡಿದಂತಾಗುತ್ತದೆ, ನಿಂತರೆ ಬಿಡುತ್ತದೆ. ನಿಲ್ಲಲೇಬೇಕು ಅಂದಮೇಲೆ ಸುಮ್ಮನೆ ನಿಲ್ಲುವುದೇಕೆ, ಮಾತಾಡಿಯಾದರೂ ನಿಲ್ಲೋಣ ಅಂದುಕೊಂಡಿದ್ದ. “ಹೇಳಿದ್ರ ನೀ ಬಂಡಿ ಬಿಡಿಸ್ತಿದ್ದಿ. ಬಂಡಿ ಬಿಟ್ಟು ಮನ್ಯಾಗ ಕುಂತು ನಿನ್ನ ಮಾರಿ ನೋಡ್ಲೇನು?”

“ನೋಡ್ರಿ. ಲಗ್ನಾದಾಗಿಂದ ಸಮಾ ನೋಡೇ ಇಲ್ಲ.”

ರಾಜಾಸಾಬನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಅದನ್ನು ಅವನು ಹಗುರವಾಗಿ ತೆಗೆದುಕೊಂಡವನಲ್ಲ. ಬೀಡಿ ಬಿಟ್ಟ. ಚಹಾಕ್ಕೆ ಸಕ್ಕರೆ ಬಿಟ್ಟ. ಎಲ್ಲಿ ನೋಡಿದರೂ ಭತ್ತದ ಗದ್ದೆ, ಅಕ್ಕಿ ಗಿರಣಿ ಇರುವ ಗಂಗಾವತಿಯಲ್ಲಿ ಅನ್ನ ಬಿಟ್ಟು ಎರಡೂ ಹೊತ್ತು ಜೋಳದ ರೊಟ್ಟಿಗೆ ನಿಂತ. ರಂಜಾನಿನ ಶೀರ್‌ಖುರ್ಮಾವನ್ನು ಬೆರಳಲ್ಲಿ ಮುಟ್ಟಿ, ಮೂಸಿ, ಬಟ್ಟಲನ್ನು ಪಕ್ಕಕ್ಕೆ ಸರಿಸುವಷ್ಟು ಗಟ್ಟಿ ಮನಸ್ಸು. ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಹತೋಟಿಯಲ್ಲೇ ಇರುತ್ತಿತ್ತು. “ಶುಗರ್ ನನ್ನ ಮಾತ ಕೇಳ್ತೈತಿ. ಕೇಳದಿರೋದು ಮನ್ಯಾಗಿನಾಕಿ ಒಬ್ಬಾಕಿನ,” ಎಂದು ಗಿರಾಕಿಗಳೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಹೆಂಡತಿ ಅವನನ್ನು ಎಳೆದೊಯ್ದ ಸರ್ಕಾರಿ ದವಾಖಾನೆಯ ಡಾಕ್ಟರ್ ಮೇಘಾ, ಕುಷ್ಟಗಿ ಕಡೆಯ ಹುಡುಗಿ. ಕೂಲಿ ಮಾಡುವವರ ಮನೆಯಿಂದ ಬಂದು ಗಂಗಾವತಿಯಲ್ಲಿ ಓದಿದವಳು. ರಾಜಾಸಾಬನನ್ನು ನೋಡಿದೊಡನೆ ಗುರುತು ಹಿಡಿದಳು.

“ಕಾಕಾ! ನಿಮ್ಮ ಮಿರ್ಚಿ ತಿಂದು ಪಿಯುಸಿ ಪಾಸಾದಾಕಿ ನಾನು.”

“ಹಂಗಾರ ನನ್ನ ಕಾಲು ಬ್ಯಾಗನ ಆರಾಮ ಮಾಡವ್ವ. ನಿನ್ನ ಮ್ಯಾಲ ನಂದೂ ಸ್ವಲ್ಪ ಹಕ್ಕೈತಿ.”

ಅವಳು ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದಳು. ಆಮೇಲೆ ಅದೇ ಪಟ್ಟಿಯನ್ನು ಕಣಕಾಲಿಗೂ ಕಟ್ಟಿದಳು.

“ಕಾಲಿಗೂ ಬಿ.ಪಿ. ಇರ್ತೈತೇನ್ರಿ ಡಾಕ್ಟ್ರಮ್ಮ?”

“ಇರಬೇಕು ಕಾಕಾ. ನಿಮ್ಮ ಬಲಗಾಲಾಗ ಭಾಳ ಕಮ್ಮಿ ಐತಿ. ಅಂದ್ರ ರಕ್ತ ಅಲ್ಲಿತನಕ ಸರಿಯಾಗಿ ಮುಟ್ಟವಲ್ದು.” ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕುತ್ತ ಅವಳು ವಿವರಿಸಿದಳು. “ಎಲ್ಲರೂ ಸಕ್ಕರಿ ಒಂದ ನೋಡಿಕೊಂತ ಕುಂದರ್ತಾರ. ಈ ಕಾಯಿಲಿ ರಕ್ತನಾಳದ ಒಳಗಿನ ಮೈ ಹಾಳ ಮಾಡ್ತೈತಿ. ಹಾಳಾದ ಜಾಗದಾಗ ಕೆಟ್ಟ ಕೊಬ್ಬು ಹೊಕ್ಕು ಕುಂದರ್ತೈತಿ. ದಾರಿ ಸಣ್ಣ ಆಗ್ತೈತಿ.”

“ತಿಳೀತು. ಕಾಲುವ್ಯಾಗ ಹೂಳು ತುಂಬಿ ಕೊನೀ ಹೊಲಕ್ಕ ನೀರ ಬರದಂಗ.”

“ಹೂಳು ಅಲ್ಲ ಕಾಕಾ, ಹೂಳಾದ್ರ ಬಾಚಿ ತೆಗೀಬಹುದಿತ್ತು. ಕಾಲುವಿ ಗ್ವಾಡಿನ ಒಳಗ ಊದಿಕೊಂಡಂಗ. ಕಾಲಾಗ ಹಿಂಗಾಗೈತಿ ಅಂದ್ರ ಎದಿಯಾಗೂ, ತಲಿಯಾಗೂ ಆಗೂದು ದೂರಿಲ್ಲ. ಇನ್ನ ಮ್ಯಾಲ ಪಾದಕ್ಕೊಂದು ಗಾಯ ಆತಂದ್ರ ಮಾಯೋದು ಕಷ್ಟ. ಕಾಲು ಉಳಿಸಿಕೊಳ್ಳೋದ ದೊಡ್ಡ ಮಾತಾಗ್ತೈತಿ.”

ಕಾಲು ಉಳಿಸಿಕೊಳ್ಳುವುದು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಶಾಹಜಾದಬಿಯ ಕೈ ಸೆರಗಿನ ಅಂಚನ್ನು ಸುತ್ತತೊಡಗಿತು.

“ಚಹಾದ ಜೋಡಿ ಏನ್ ತಿಂತೀರಿ?”

“ಸಿಹಿ ಮುಟ್ಟಂಗಿಲ್ಲ. ಬರೇ ಬೇಕರಿ ಖಾರಿ ಬಿಸ್ಕೀಟು.”

“ಅದರಾಗ ವನಸ್ಪತಿ ತುಪ್ಪ ತುಂಬಿರ್ತೈತಿ ಕಾಕಾ, ಅದೂ ಕೆಟ್ಟ ಕೊಬ್ಬನ.”

“ಖಾರಿ ಸಿಹಿ ಇರಂಗಿಲ್ಲಲ್ಲ!” ರಾಜಾಸಾಬನಿಗೆ ಯಾರೋ ತನ್ನ ಜೇಬಿಗೆ ಕೈ ಹಾಕಿದಷ್ಟು ಆಶ್ಚರ್ಯವಾಯಿತು.

“ಇರಲಿ. ಅಡಿಗಿಗೆ ಯಾವ ಎಣ್ಣಿ?”

ಈ ಪ್ರಶ್ನೆಗೆ ಅವನ ಎದೆ ಉಬ್ಬಿತು. “ಎಣ್ಣಿ ವಿಷಯದಾಗ ನೀವು ಯಾರನ್ನ ಬೇಕಾದ್ರೂ ಕೇಳ್ರಿ. ನಮ್ಮಪ್ಪ ಉಮರಸಾಬ ಹಾಕಿಕೊಟ್ಟ ಕಟ್ಟಳಿ ಅದು. ನಿನ್ನಿ ಎಣ್ಣಿ ಇವತ್ತಿನ ಬಾಣಲಿಗೆ ಬೀಳಂಗಿಲ್ಲ. ದಿನಾ ಮುಂಜಾನಿ ಗಿರಾಕಿ ಮುಂದನ ಹೊಸಾ ಪಾಕೀಟು ಒಡೀತೀನಿ.”

ಅದು ಸುಳ್ಳಲ್ಲ. ಊರಿಗೇ ಗೊತ್ತಿದ್ದ ಸತ್ಯ. ಮೇಘಾ ತಲೆಯಾಡಿಸಿ ಬರೆದುಕೊಳ್ಳಲು ಹೊರಟಳು.

ಶಾಹಜಾದಬಿ ಬೆಂಚಿನಿಂದ ಎದ್ದಳು. ಸುಮ್ಮನಿದ್ದರೆ ಮನೆಯ ಮರ್ಯಾದೆ ಉಳಿಯುತ್ತದೆ. ಗಂಡನ ಮಾತೂ ಉಳಿಯುತ್ತದೆ. ಉಳಿಯಬೇಕಾದದ್ದು ಕಾಲು.

“ಡಾಕ್ಟ್ರಮ್ಮ, ಅವರು ಹೇಳಿದ್ದು ಬಂಡಿ ಮಾತು. ನೀವು ಕೇಳಿದ್ದು ಮನಿ ಮಾತಲ್ಲ?”

“ಏ, ಅದನ್ಯಾಕ ಈಗ...” ಎಂದ ರಾಜಾಸಾಬ ಮೆಲ್ಲಗೆ.

“ಬಂಡ್ಯಾಗ ಕರಿದು ಉಳಿದ ಎಣ್ಣಿ ಅರಿವ್ಯಾಗ ಸೋಸಿ ದಿನಾ ಮನಿಗೆ ತರ್ತಾರ್ರಿ. ಚೆಲ್ಲೂದು ಪಾಪ ಅಲ್ಲೇನ್ರಿ? ನಾ ಪಲ್ಯಾ, ಬ್ಯಾಳಿ, ಒಗ್ಗರಣಿ ಎಲ್ಲಾ ಅದರಾಗ ಮಾಡ್ತೀನಿ. ಲಗ್ನಾಗಿ ಬಂದಾಗಿಂದ ಮನಿಗಂತ ಎಣ್ಣಿ ಕೊಂಡು ತಂದದ್ದ ಇಲ್ಲ.” ಅವಳು ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಕರ್ರಗಿರ್ತೈತ್ರಿ. ಅಜವಾನದ ವಾಸನಿ ಬರ್ತೈತಿ. ಅವರಿಗೆ ಆ ವಾಸನಿ ಸೇರ್ತೈತಿ ಅಂತ ನಾನೂ ಒಂದ ಚಮಚ ಹೆಚ್ಚಿಗಿ ಹಾಕ್ತೀನಿ. ಈ ಕಾಲು ಹಿಂಗ ಮಾಡಿದ್ದು ನನ್ನ ಕೈಯೇನ್ರಿ?”

ನೋಡಿ, ದುಡಿಯುವವರ ಮನೆಗಳಲ್ಲಿ ನಡೆಯುವುದು ಹೀಗೆ. ಒಳ್ಳೆಯದೆಲ್ಲ ಬಾಗಿಲಿಂದ ಹೊರಗೆ ಹೋಗುತ್ತದೆ, ಉಳಿದದ್ದು ಒಳಗೆ ಬರುತ್ತದೆ. ಸೋನಾಮಸೂರಿ ನಾಟಿ ಮಾಡಿದ ಹೆಂಗಸರು ನುಚ್ಚು ಬೇಯಿಸಿಕೊಳ್ಳುತ್ತಾರೆ. ಯಲಬುರ್ಗಾದ ಹೊಲದಲ್ಲಿ ಶೇಂಗಾ ಕಿತ್ತವನು ಅಂಗಡಿಯಲ್ಲಿ ಶೇಂಗಾ ಎಣ್ಣೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ, ವಾಪಸು ಇಟ್ಟು, ಹಡಗಿನಲ್ಲಿ ಬಂದ ತಾಳೆ ಎಣ್ಣೆಯ ಪಾಕೀಟು ಒಯ್ಯುತ್ತಾನೆ. ಇದನ್ನು ಯಾರೂ ಜಬರದಸ್ತಿ ಮಾಡಿ ತಿನ್ನಿಸುವುದಿಲ್ಲ. ಅಂಥ ಜಬರದಸ್ತಿ ಬೇಕಾಗಿಯೇ ಇಲ್ಲ. ಚೆಲ್ಲುವುದು ಪಾಪ ಎಂದು ಬಡವರಿಗೆ ಕಲಿಸಿಟ್ಟರೆ ಸಾಕು. ರಾಜಾಸಾಬ ಊರಿನ ಹೊಟ್ಟೆಯನ್ನು ಕಾಪಾಡಿದ. ತನ್ನ ಹೊಟ್ಟೆ ಊರಿನೊಳಗೆ ಬರುತ್ತದೆ ಎಂಬುದು ಅವನ ಲೆಕ್ಕಕ್ಕೆ ಬರಲೇ ಇಲ್ಲ.

ಮೇಘಾ ಪೆನ್ನು ಕೆಳಗಿಟ್ಟಳು.

“ನಿಮ್ಮ ಕೈ ಅಲ್ಲ, ಕಾಕೂ. ಸಕ್ಕರಿ ಬಂದು ಭಾಳ ವರ್ಷ ಆತು, ಮೊದಲ ಬೀಡಿ ಇತ್ತು, ವಯಸ್ಸೂ ಐತಿ. ಎಲ್ಲಾ ಕೂಡಿ ಮಾಡ್ಯಾವು. ಆದ್ರ ಒಂದ ಎಣ್ಣಿ ದಿನವೆಲ್ಲಾ ಕುದ್ದು, ಮತ್ತ ಮನ್ಯಾಗ ಕುದ್ರ ಅದು ಎಣ್ಣಿಯಾಗಿ ಉಳಿಯಂಗಿಲ್ಲ. ಮೊದಲ ಹಾಳಾದ ನಾಳಕ್ಕ ಅದು ಮತ್ತಿಷ್ಟು ಕೇಡು.”

“ಹಂಗಾರ ಎಣ್ಣಿನ ಬಿಡಬೇಕೇನವ್ವ?” ಎಂದ ರಾಜಾಸಾಬ. ಅನ್ನ ಬಿಟ್ಟವನ ದನಿ ಅದು, ಇದನ್ನೂ ಬಿಟ್ಟೇನು ಎನ್ನುವಂಥದ್ದು.

“ಯಾರಂದ್ರು? ಮೈಗೆ ಕೊಬ್ಬು ಬೇಕು. ಎಂಥ ಕೊಬ್ಬು ಅನ್ನೋದು ಮುಖ್ಯ. ಶೇಂಗಾದ್ದೋ ಕುಸುಬಿದೋ ಹೊಸಾ ಎಣ್ಣಿ, ಸ್ವಲ್ಪ, ಒಮ್ಮಿ ಕಾಸಿದ್ದು. ರೊಟ್ಟಿ ಜೋಡಿ ಅಗಸಿ ಚಟ್ನಿ ತಿನ್ರಿ, ಗುರೆಳ್ಳ ಚಟ್ನಿ ತಿನ್ರಿ. ನಮ್ಮವ್ವ ಕುಟ್ಟಿ ಕಳಿಸ್ತಾಳ, ನಾನೂ ತಿಂತೀನಿ. ಕೊಬ್ಬು ಇಳಿಸಾಕ ಗುಳಗಿ ಬರೀತೀನಿ, ಅದನ್ನ ಬಿಡಬ್ಯಾಡ್ರಿ. ಕೊಪ್ಪಳಕ್ಕ ಹೋಗಿ ಕಾಲಿಂದು ಸ್ಕ್ಯಾನ್ ಮಾಡಿಸ್ರಿ. ಮತ್ತ ದಿನಾ ನಡೀಬೇಕು.”

“ನಡೆಯಾಕ ಬರ್ತಿದ್ರ ಇಲ್ಲಿಗ್ಯಾಕ ಬರ್ತಿದ್ದೆ?”

“ನೋವು ಬರೂತನಕ ನಡೀರಿ, ಬಂದ್ರ ನಿಲ್ರಿ. ಹೋದ ಮ್ಯಾಲ ಮತ್ತ ನಡೀರಿ. ಅದಾ ಔಷಧ. ಹಂಗ ಮಾಡ್ತಾ ಮಾಡ್ತಾ ಪಕ್ಕದ ಸಣ್ಣ ಸಣ್ಣ ನಾಳ ದಾರಿ ಬಿಡ್ತಾವು.”

ಶಾಹಜಾದಬಿ ಗಂಡನ ಕಡೆ ತಿರುಗಿದಳು. “ಅಂದ್ರ ಹೊಳಿಯಪ್ಪನ ಕಟ್ಟಿ ಮುಂದ ನಿಲ್ಲೂದು ಚಾಲೂನ ಇರಲಿ.”

ಹೊರಡುವಾಗ ಮೇಘಾ ಅವಳನ್ನು ತಡೆದಳು. “ಕಾಕೂ, ಅದಾ ಪಲ್ಯಾ ನೀವೂ ಉಂಡೀರಲ್ಲ? ನಿಮ್ಮ ರಕ್ತಾನೂ ಕೊಟ್ಟು ಹೋಗ್ರಿ.”

“ನನಗೇನಾಗೇತ್ರಿ, ಗಟ್ಟಿ ಅದೀನಿ.”

“ಕಾಕಾನೂ ಹಂಗ ಅಂದುಕೊಂಡಿದ್ರು.”

ಅವತ್ತು ಮನೆಗೆ ಬಂದ ರಾಜಾಸಾಬ ಒಲೆಯ ಪಕ್ಕದ ಸ್ಟೀಲಿನ ಕ್ಯಾನನ್ನು ನೋಡಿದ. ಅರ್ಧ ಇತ್ತು. “ಇದೊಂದು ಮುಗೀಲಿ. ಮುಂದ ಹೊಸಾದು ತರೂನು,” ಎಂದ. ಆಮೇಲಿನ ದಿನಗಳಲ್ಲೂ ಬಂಡಿಯ ಎಣ್ಣೆ ಬಂದು ಕ್ಯಾನು ತುಂಬುತ್ತಲೇ ಹೋಯಿತು. ಶಾಹಜಾದಬಿ ಬಾಯಿ ಮಾಡಿದಳು, ಅತ್ತಳು, ಅವನ ಪಲ್ಯವನ್ನು ಬರೀ ನೀರಲ್ಲಿ ಬೇಯಿಸಿಟ್ಟಳು. ಅವನು ಅದನ್ನು ಉಂಡು ಛಲೋ ಆಗೇತಿ ಎಂದು ಸುಳ್ಳು ಹೇಳಿದ. ಕ್ಯಾನು ಮಾತ್ರ ಮನೆಯಿಂದ ಹೊರಬೀಳಲಿಲ್ಲ. ತನಗಾಗಿ ಪಾಪ ಮಾಡಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಅವಳ ರಕ್ತದ ವರದಿ ತಂದವನು ಅವನೇ. ಅವಳಿಗೆ ಸಕ್ಕರೆ ಇರಲಿಲ್ಲ. ಕೆಟ್ಟ ಕೊಬ್ಬು ಗಂಡನಿಗಿಂತ ಹೆಚ್ಚಿತ್ತು. ಅವನು ಬಾಗಿಲಲ್ಲಿ ನಿಂತು ಹೆಂಡತಿ ಊಟ ಮಾಡುವುದನ್ನು ನೋಡಿದ. ತನ್ನ ಪಲ್ಯವನ್ನು ಅವಳು ಇನ್ನೂ ಕ್ಯಾನಿನ ಎಣ್ಣೆಯಲ್ಲೇ ಮಾಡಿಕೊಳ್ಳುತ್ತಿದ್ದಳು. ಪಲ್ಯ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಎಣ್ಣೆ ನಿಲ್ಲುತ್ತದಲ್ಲ, ಅದಕ್ಕೆ ರೊಟ್ಟಿ ಒರೆಸಿಕೊಂಡು ಉಣ್ಣುವುದು ಅವಳ ಲಾಗಾಯ್ತಿನ ರೂಢಿ. ಇಷ್ಟು ವರ್ಷ ಅವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬಂಡಿಯ ತಳದ್ದು ಮನೆಗೆ, ಮನೆಯ ತಳದ್ದು ಹೆಂಗಸಿಗೆ.

ರಾಜಾಸಾಬ ಕ್ಯಾನು ಎತ್ತಿಕೊಂಡು ಹೋಗಿ ಬಾಗಿಲ ಹೊರಗಿಟ್ಟ.

“ಎಲ್ಲಿಗ ಒಯ್ಯಾಕತ್ತೀರಿ?”

“ಇನ್ನ ಮ್ಯಾಲ ಇದು ಹೊಸ್ತಿಲ ದಾಟಿ ಒಳಗ ಬರಂಗಿಲ್ಲ. ಕಟ್ಟಳಿ ಅಂದ್ರ ಕಟ್ಟಳಿ.”

ಹೊರಗಿಟ್ಟದ್ದೇನೋ ಆಯಿತು. ಚೆಲ್ಲುವುದೆಲ್ಲಿ? ಗಟಾರಕ್ಕೆ ಸುರಿಯಲು ಹೋದ ಶಾಹಜಾದಬಿಯ ಕೈ ಬಗ್ಗಲಿಲ್ಲ. ಅಷ್ಟರಲ್ಲಿ ವಿರುಪಣ್ಣ ಬಂದ. ಅಕ್ಕಿ ಗಿರಣಿಗಳ ಹತ್ತಿರ ಅವನದೊಂದು ಪೂರಿ ಅಂಗಡಿ. ಗಿರಣಿಯಲ್ಲಿ ಚೀಲ ಹೊರುವ ಹಮಾಲರೆಲ್ಲ ಅಲ್ಲೇ ತಿನ್ನುವುದು.

“ಭಾಭಿ, ಎಣ್ಣಿ ಬ್ಯಾಡಂತಲ್ಲ ನಿಮಗ? ದಿನಾ ಆ ಕ್ಯಾನು ನನಗ ಕೊಡ್ರಿ. ನಿಮ್ಮ ಮನಿಗೆ ಬೇಕಾದಷ್ಟು ಶೇಂಗಾ ಎಣ್ಣಿ ನಾ ತಂದು ಮುಟ್ಟಿಸ್ತೀನಿ. ಗಾಣದ್ದು, ಹೊಸಾದು.”

ಅವಳು ಕ್ಯಾನಿನ ಹಿಡಿಗೆ ಕೈ ಹಾಕಿದಳು. ಗಾಣದ ಶೇಂಗಾ ಎಣ್ಣೆ. ಡಾಕ್ಟರು ಹೇಳಿದ್ದು ಇದನ್ನೇ. ಕ್ಯಾನು ಎತ್ತಿ ಅವನ ಕಡೆ ಚಾಚಿಯೂ ಆಯಿತು. ಕೊಡುವ ಮೊದಲು ಕೇಳಿದಳು: “ಇದರಾಗ ಏನ್ ಮಾಡ್ತೀಯೋ?”

“ಪೂರಿ ಕರೀತೀನಿ. ಹಮಾಲರ ಹೊಟ್ಟಿ ಅದು ಭಾಭಿ, ಕಬ್ಬಿಣ ಹಾಕಿದ್ರೂ ಕರಗ್ತೈತಿ.”

ಶಾಹಜಾದಬಿ ಕ್ಯಾನನ್ನು ಹಿಂದಕ್ಕೆಳೆದು ಸೊಂಟಕ್ಕೆ ಏರಿಸಿಕೊಂಡಳು.

“ಅವರ ಕಾಲು ಕಾಲಲ್ಲೇನು? ಚೀಲ ಹೊತ್ತು ಲಾರಿ ಹಲಗಿ ಏರೋರಿಗೆ ಮೀನಖಂಡ ಹಿಡದ್ರ ಅವರು ಯಾವ ಗ್ವಾಡಿ ಓದಿಕೊಂತ ನಿಲ್ಲಬೇಕು? ಹಿಂದ ಕೆಲಸ ಮಾಡಿಸೋ ಮುಕಾದಮ ನಿಂತಿರ್ತಾನ. ನನ್ನ ಗಂಡನ ಕಾಲು ಉಳಿಸಾಕ ಇನ್ನೊಬ್ಬಾಕಿ ಗಂಡನ ಕಾಲು ಕೊಡ್ಲೇನು? ಹೋಗೋ ವಿರುಪಣ್ಣ, ಹೊಸಾ ಎಣ್ಣಿ ಅವರಿಗಾ ಹಾಕು. ಪುಣ್ಯಾ ಬರ್ತೈತಿ.”

“ಎಲ್ಲರೂ ಹಿಂಗ ಮಾಡ್ತಾರ ಭಾಭಿ...”

“ಅದಕ್ಕಾ ಎಲ್ಲರೂ ಕುಂಟತಾರ!”

ಈ ಗದ್ದಲ ಕೇಳಿ ಬಂದ ಹೊಳಿಯಪ್ಪ ಕ್ಯಾನಿನೊಳಗೆ ಬೆರಳು ಅದ್ದಿ ನೋಡಿದ. ಎರಡು ಬೆರಳ ನಡುವೆ ತಿಕ್ಕಿದ. “ಅಕ್ಕಾ, ಹಲಗಿಗೆ ಕಾಂಕ್ರೀಟ್ ಹತ್ತಬಾರ್ದಂತ ನಾವು ಗ್ಯಾರೇಜಿನ ಸುಟ್ಟ ಆಯಿಲ್ ತಂದು ಬಳಿತೀವಿ. ಇದನ್ನ ನನಗ ಕೊಡು. ಹಲಗಿಗೇನು ಶುಗರ್ರೋ, ಬಿ.ಪಿ.ಯೋ?”

ಹಾಗೆ ನಿನ್ನೆಯ ಎಣ್ಣೆಗೆ ಜಾಗ ಸಿಕ್ಕಿತು. ರಾಜಾಸಾಬನೂ ಚಿಕ್ಕ ಬಾಣಲೆ ತಂದ. ಸಂಜೆಗೆ ಉಳಿಯುವ ಎಣ್ಣೆಯೇ ಕಡಿಮೆಯಾಯಿತು. ಉಳಿದದ್ದು ಹೊಳಿಯಪ್ಪನ ಹಲಗೆಗೆ. “ಮಾವ, ನಿನ್ನ ಎಣ್ಣಿ ವಾಸನಿಗೆ ನಮ್ಮ ಕೂಲ್ಯಾರಿಗೆ ಹನ್ನೊಂದಕ್ಕಾ ಹಸಿವಾಗಾಕತ್ತೈತಿ. ಇಡೀ ಸ್ಲ್ಯಾಬ್ ಮಿರ್ಚಿ ಹಂಗ ನಾರತೈತಿ,” ಎಂದು ಅವನ ದೂರು.

ಕೊಪ್ಪಳದಲ್ಲಿ ಸ್ಕ್ಯಾನ್ ಆಯಿತು. ಸದ್ಯಕ್ಕೆ ಗುಳಿಗೆ ಮತ್ತು ನಡಿಗೆ ಸಾಕು, ಪಾದವನ್ನು ದಿನಾ ನೋಡಿಕೊಳ್ಳಬೇಕು ಎಂದರು. ಪಾದ ನೋಡುವ ಕೆಲಸ ಶಾಹಜಾದಬಿಯದು. ಕನ್ನಡಿ ಹಿಡಿದು ಬೆರಳ ಸಂದಿಯನ್ನೆಲ್ಲ ನೋಡುವಾಗ ಅವನಿಗೆ ಕಚಗುಳಿ, ಅವಳಿಗೆ ಸಿಟ್ಟು. ಅಗಸಿ ಚಟ್ನಿ ಕುಟ್ಟುವ ಕೆಲಸ ಅವನದು. ಸಂಜೆ ಬಂಡಿ ಮುಚ್ಚುವ ಹೊತ್ತಿಗೆ ಅವಳು ಬರುತ್ತಾಳೆ, ಇಬ್ಬರೂ ನಡೆದು ಮನೆಗೆ. ಮೊದಲ ನಿಲುಗಡೆ ಹೊಳಿಯಪ್ಪನ ಕಟ್ಟೆ. ಈಗ ಸುಳ್ಳು ಹೇಳುವ ಗರಜು ಇರಲಿಲ್ಲ. “ನೋವು ಬಂತು ಅಳಿಯಾ, ಸರಿ ಅತ್ತಾಗ,” ಎಂದು ಕುಳಿತುಬಿಡುತ್ತಿದ್ದ. ಹೊಳಿಯಪ್ಪನ ಹೆಂಡತಿ ಪಕ್ಕೀರವ್ವ ಆ ಹೊತ್ತಿಗೆ ಸರಿಯಾಗಿ ಸಕ್ಕರೆಯಿಲ್ಲದ ಚಹಾ ಇಡುವುದು ಓಣಿಗೆ ಗಡಿಯಾರವಾಯಿತು.

ಭತ್ತ ಕೊಯ್ಯುವ ಮಷೀನುಗಳು ರಸ್ತೆಗಿಳಿದ ದಿನಗಳು. ಒಂದು ಸಂಜೆ ಗಾಳಿಯಲ್ಲಿ ಹೊಟ್ಟಿನ ದೂಳು ಹಾರುತ್ತಿತ್ತು. ಶಾಹಜಾದಬಿ ಹಸೀಬಾಳ ಮಗುವಿನ ಹಲ್ಲಿನ ಸುದ್ದಿ ಹೇಳುತ್ತಿದ್ದಳು. ರಾಜಾಸಾಬ ಕೇಳುತ್ತ, ಹೂಂಗುಡುತ್ತ, ನಡುನಡುವೆ ಅವಳನ್ನು ಕೆಣಕುತ್ತ ನಡೆಯುತ್ತಿದ್ದ.

ಹಿಂದಿನಿಂದ ಗಂಟಲು ಹರಿಯುವಂಥ ಕೂಗು ಬಂತು.

“ಏ ಮಾವಾ! ಕಣ್ಣಿಗೆ ಏನಾಗೇತಿ? ಚಹಾ ಆರಾಕತ್ತೈತಿ ಇಲ್ಲಿ!”

ಇಬ್ಬರೂ ತಿರುಗಿ ನೋಡಿದರು. ಕಟ್ಟೆ ಹಿಂದೆ ಉಳಿದಿತ್ತು. ಅದರ ಆಚೆಯ ಬೇವಿನ ಗಿಡವೂ ಹಿಂದೆ ಉಳಿದಿತ್ತು. ಹೊಳಿಯಪ್ಪ ಚಹಾದ ಕಪ್ಪು ಹಿಡಿದು, ಮದುವೆಗೆ ಕರೆಯದೆ ಬಿಟ್ಟ ನೆಂಟನ ಮುಖ ಮಾಡಿಕೊಂಡು ನಿಂತಿದ್ದ.

ರಾಜಾಸಾಬ ತನ್ನ ಬಲಗಾಲನ್ನು ನೋಡಿಕೊಂಡ. ಶಾಹಜಾದಬಿಯೂ ಅದನ್ನೇ ನೋಡಿದಳು. ಅವಳ ಕೈ ಅವನ ತೋಳನ್ನು ಹಿಡಿಯಿತು. ಊರ ನಡುವೆ, ಮಂದಿಯೆದುರು, ಅವಳು ಹಾಗೆ ಹಿಡಿದದ್ದು ಯಾರಿಗೂ ನೆನಪಿಲ್ಲ.

“ನೋವು ಬರಲಿಲ್ಲೋ ಅಳಿಯಾ! ಮರತ ಬಿಟ್ಟೆ!”

“ಬರಲಿಲ್ಲಂದ್ರ? ಕಾಲ ನೋವಾದ್ರಷ್ಟ ನಾವು ನಿನಗ ಮಂದಿಯೇನು? ಆರಾಮಾದ ಮ್ಯಾಲ ಸೊಕ್ಕ ಬಂತಲ್ಲ ಮುದುಕಗ!”

“ನಡೀರಿ ಹಿಂದಕ್ಕ,” ಎಂದಳು ಶಾಹಜಾದಬಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. “ಎಮ್ಮಿ ಸುದ್ದಿ ಕೇಳದ ಹೋದ್ರ ಅಂವ ಇವತ್ತು ಉಣ್ಣಂಗಿಲ್ಲ.”

ಇಬ್ಬರೂ ತಿರುಗಿ ಕಟ್ಟೆಯ ಕಡೆ ನಡೆದರು.